ಸಂಜೆ ಏಳರ ಕರೆಂಟನ್ನು ಯಾರು ಬಿಟ್ಟುಕೊಡಬೇಕು?

ರಾಯಚೂರು ಜಿಲ್ಲೆಯ ದೇವದುರ್ಗ ತಾಲೂಕಿನಲ್ಲಿ, ಕೃಷ್ಣಾ ನದಿಯ ದಂಡೆಯ ಮೇಲೆ ಗೂಗಲ್ ಎಂಬ ಊರಿದೆ. ಹೆಸರು ಕೇಳಿದವರು ಒಮ್ಮೆ ನಗದೆ ಇರುವುದಿಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಹೇಳುವ ಆ ಅಮೆರಿಕದ ಕಂಪೆನಿ ಹುಟ್ಟಿದ್ದು 1998ರಲ್ಲಿ. ಊರು ಅದಕ್ಕಿಂತ ಎಷ್ಟೋ ಹಿರಿದು. ಊರಿನ ಬಳಿ ನದಿಗೆ ಸೇತುವೆಯೂ ಆಗಿ ಒಡ್ಡೂ ಆಗಿರುವ ಬ್ಯಾರೇಜ್ ಇದೆ. ಅದನ್ನು ದಾಟಿದರೆ ಯಾದಗಿರಿ ಜಿಲ್ಲೆ. ದಂಡೆಯುದ್ದಕ್ಕೂ ರೈತರ ಪಂಪ್‌ಸೆಟ್‌ಗಳು, ಅವುಗಳ ಪೈಪುಗಳು ನದಿಗೆ ಬಾಯಿ ಹಾಕಿ ಮಲಗಿರುತ್ತವೆ.

ಕೆಲವು ವರ್ಷಗಳ ಹಿಂದೆ ಒಂದು ಬೇಸಿಗೆಯ ಸಂಜೆ ಆ ಕಡೆ ಹೋಗಿದ್ದಾಗ, ಚಹಾದಂಗಡಿಯ ಬೆಂಚಿನಲ್ಲಿ ಪಕ್ಕ ಕುಳಿತ ವಯಸ್ಸಾದ ರೈತರೊಬ್ಬರನ್ನು, ಪಂಪಿಗೆ ಕರೆಂಟು ಯಾವ ಹೊತ್ತಿಗೆ ಕೊಡುತ್ತಾರೆ ಎಂದು ಕೇಳಿದೆವು. ಅವರ ಉತ್ತರದಲ್ಲಿ ಸಿಟ್ಟಿರಲಿಲ್ಲ. "ಪ್ಯಾಟ್ಯಾಗಿನವ್ರು ಎಲ್ಲಾರೂ ಉಂಡು ಮಲಗಿದ ಮ್ಯಾಲ ಉಳದದ್ದು ನಮಗ ಬರ್ತದ್ರೀ ಸಾಹೇಬ್ರ. ಒಂದಕ್ಕ ಬಂದ್ರ ಒಂದಕ್ಕ, ಎರಡಕ್ಕ ಬಂದ್ರ ಎರಡಕ್ಕ. ಬಂದಾಗ ಎದ್ದು ಹೋಗೋದು" ಎಂದರು. ನದಿಯಲ್ಲಿ ಮೊಸಳೆಗಳಿವೆಯಲ್ಲ ಎಂದು ನಾವು ಕೇಳಿದ್ದಕ್ಕೆ, "ಅದಾವ. ಅವೂ ರಾತ್ರೀನ ದಂಡಿಗೆ ಬರ್ತಾವ" ಎಂದು ನಕ್ಕು ಚಹಾ ಮುಗಿಸಿದರು.

ಉಂಡು ಉಳಿದದ್ದು. ಈ ಮಾತು ನಮ್ಮನ್ನು ಬಹಳ ದಿನ ಕಾಡಿತು. ಉಳಿದ ಅನ್ನವನ್ನು ಹಸಿದವರಿಗೆ ಕೊಡುವುದು ಪುಣ್ಯವೆಂದು ಎಲ್ಲ ಧರ್ಮದವರೂ ನಂಬುತ್ತೇವೆ. ಆದರೆ ಆ ಅನ್ನವನ್ನು ಬೆಳೆದವನೇ, ಬೆಳೆಯುವುದಕ್ಕೆ ಬೇಕಾದ ಕರೆಂಟಿಗಾಗಿ, ಉಂಡವರು ಮಲಗುವ ತನಕ ಕಾಯಬೇಕು ಎನ್ನುವ ವ್ಯವಸ್ಥೆಯನ್ನು ಏನೆಂದು ಕರೆಯುವುದು? ಇದನ್ನು ತೀರ್ಮಾನಿಸಿದವರು ಯಾರು? ಆ ರೈತರನ್ನು ಯಾರಾದರೂ ಒಂದು ಮಾತು ಕೇಳಿದ್ದರೇ?

ವಿದ್ಯುತ್ತಿನ ಸ್ವಭಾವ ಗೊತ್ತಿದ್ದರೆ ಈ ಪ್ರಶ್ನೆ ಸ್ವಲ್ಪ ಸ್ಪಷ್ಟವಾಗುತ್ತದೆ. ಜೋಳವನ್ನು ಹಗೇವಿನಲ್ಲಿ ತುಂಬಿಡಬಹುದು, ನೀರನ್ನು ಅಣೆಕಟ್ಟಿನಲ್ಲಿ ನಿಲ್ಲಿಸಬಹುದು. ಕರೆಂಟನ್ನು ಹಾಗೆ ದೊಡ್ಡ ಪ್ರಮಾಣದಲ್ಲಿ ಕೂಡಿಡುವುದು ಇಂದಿಗೂ ದುಬಾರಿ ಕೆಲಸ. ಬಳಸುವ ಕ್ಷಣದಲ್ಲೇ ಅದು ಹುಟ್ಟಬೇಕು. ದೇಶದ ಜಾಲಕ್ಕೆ ಜೋಡಿಸಿದ ಜನರೇಟರುಗಳೆಲ್ಲ ಸೆಕೆಂಡಿಗೆ 50 ಆವರ್ತನದ ಒಂದೇ ತಾಳಕ್ಕೆ ತಿರುಗುತ್ತಿರುತ್ತವೆ. ಬೇಡಿಕೆ ಉತ್ಪಾದನೆಯನ್ನು ಮೀರಿದರೆ ತಾಳ ನಿಧಾನವಾಗುತ್ತದೆ. ಹೆಚ್ಚು ನಿಧಾನವಾದರೆ ಒಂದೊಂದಾಗಿ ಸ್ಥಾವರಗಳು ಕಳಚಿಕೊಳ್ಳುತ್ತವೆ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದಲ್ಲಿ ಜಾಲವೇ ಕುಸಿಯಿತು. ಎರಡನೆಯ ದಿನ ಪೂರ್ವ, ಈಶಾನ್ಯ ರಾಜ್ಯಗಳೂ ಸೇರಿ ಅರುವತ್ತು ಕೋಟಿಗೂ ಮಿಕ್ಕಿದ ಜನರು ವಾಸಿಸುವ ಪ್ರದೇಶ ಕತ್ತಲಲ್ಲಿ ಮುಳುಗಿತು. ಆಗ ದಕ್ಷಿಣದ ಜಾಲ ಒಂದೇ ತಾಳದಲ್ಲಿ ಉತ್ತರಕ್ಕೆ ಜೋಡಣೆಯಾಗಿರಲಿಲ್ಲ, ನಾವು ಪಾರಾದೆವು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗ ಚಾಲನೆಗೊಂಡು ಇಡೀ ದೇಶ ಒಂದೇ ಜಾಲವಾಯಿತು. ಹಿಂದುಳಿದ ಜಿಲ್ಲೆ ಎಂದು ಎಲ್ಲ ವರದಿಗಳಲ್ಲೂ ಮೊದಲು ಕಾಣಿಸುವ ರಾಯಚೂರೇ ಆ ಗಂಟು ಬಿಗಿದ ಜಾಗವೆಂಬುದು ಜಿಲ್ಲೆಯವರಲ್ಲೇ ಹೆಚ್ಚು ಮಂದಿಗೆ ಗೊತ್ತಿಲ್ಲ.

ಅಂದರೆ ಈಗ ದಿಲ್ಲಿಯ ಮನೆಯೊಂದರಲ್ಲಿ ಒತ್ತಿದ ಸ್ವಿಚ್ಚು ಮತ್ತು ಗೂಗಲ್‌ನ ದಂಡೆಯ ಪಂಪು ಒಂದೇ ನಾಡಿಯ ಮೇಲಿವೆ. ಎಲ್ಲರೂ ಒಂದೇ ಹೊತ್ತಿಗೆ ಕೈಚಾಚುವ ಗಳಿಗೆಯನ್ನು ವಿದ್ಯುತ್ ಇಲಾಖೆಯವರು 'ಪೀಕ್ ಅವರ್' ಎನ್ನುತ್ತಾರೆ. 2025ರ ಬೇಸಿಗೆಯಲ್ಲಿ ಕರ್ನಾಟಕದ ಬೇಡಿಕೆ 18 ಸಾವಿರ ಮೆಗಾವ್ಯಾಟ್ ದಾಟಿತು. ಲೆಕ್ಕದಲ್ಲಿ ಅತಿ ದೊಡ್ಡ ಅಂಕಿ ಹಗಲಲ್ಲೇ ದಾಖಲಾಗುವುದುಂಟು. ಆದರೆ ನಿಜವಾಗಿ ಕೈ ಬಿಗಿಯಾಗುವುದು ಸೂರ್ಯ ಮುಳುಗಿ ಸೌರ ವಿದ್ಯುತ್ ನಿಂತ ಬಳಿಕ, ಸಂಜೆ ಆರರಿಂದ ಹತ್ತರ ನಡುವೆ. ಅಂಗಡಿಗಳ ದೀಪ, ಅಡುಗೆಮನೆಯ ಮಿಕ್ಸಿ, ಮಕ್ಕಳ ಓದು, ಟಿವಿ, ಹಗಲಿಡೀ ಕಾದ ಮನೆಯನ್ನು ತಣಿಸುವ ಎಸಿ, ಎಲ್ಲವೂ ಆಗಲೇ. ಆ ಹೊತ್ತಿಗೆ ಯಾರಾದರೂ ಬಿಟ್ಟುಕೊಡಲೇಬೇಕು. ಬಿಟ್ಟುಕೊಡುವವರು ಯಾರು, ಅವರನ್ನು ಕೇಳಿ ಬಿಡಿಸಿಕೊಂಡೆವೋ ಕೇಳದೆ ಕಿತ್ತುಕೊಂಡೆವೋ ಎಂಬುದು ಇಂಜಿನಿಯರರ ಪ್ರಶ್ನೆಯಲ್ಲ.

ಇದು ರಾಯಚೂರಿನಲ್ಲಿ ಯಾಕೆ ಹೆಚ್ಚು ಚುಚ್ಚುತ್ತದೆಂದರೆ, ರಾಜ್ಯಕ್ಕೆ ಕರೆಂಟು ಕೊಡುವ ಜಿಲ್ಲೆಯಿದು. ಗೂಗಲ್‌ನಿಂದ ಕೃಷ್ಣೆ ಇಳಿದು ಹೋಗುವ ದಾರಿಯಲ್ಲೇ ಶಕ್ತಿನಗರವಿದೆ. 1985ರಲ್ಲಿ ಅಲ್ಲಿ ಮೊದಲ ಘಟಕ ಶುರುವಾಯಿತು. ಬಳಿಕ ಎಂಟು ಘಟಕಗಳಾಗಿ 1,720 ಮೆಗಾವ್ಯಾಟ್‌ಗೆ ಬೆಳೆಯಿತು. ರಾಯಚೂರು ನಗರದ ಪಕ್ಕದ ಯರಮರಸ್‌ನಲ್ಲಿ ತಲಾ 800 ಮೆಗಾವ್ಯಾಟ್‌ನ ಇನ್ನೆರಡು ಘಟಕಗಳಿವೆ. 210 ಮೆಗಾವ್ಯಾಟ್‌ನ ಒಂದು ಘಟಕ ಪೂರ್ತಿ ಓಡಿದರೆ ದಿನಕ್ಕೆ ಮೂರು ಸಾವಿರ ಟನ್ನಿನ ಆಸುಪಾಸು ಕಲ್ಲಿದ್ದಲು ಉರಿಯುತ್ತದೆ, ಅದರಲ್ಲಿ ಮೂರನೇ ಒಂದು ಪಾಲಿನಷ್ಟು ಬೂದಿಯಾಗಿ ಇಲ್ಲೇ ಉಳಿಯುತ್ತದೆ. ಕರೆಂಟು ತಂತಿಯಲ್ಲಿ ಹೊರಟುಹೋಗುತ್ತದೆ, ಬೂದಿ ಸುತ್ತಲ ಊರುಗಳ ಪಾತ್ರೆ, ಬಟ್ಟೆ, ಎದೆಗೂಡುಗಳಲ್ಲಿ ಕೂರುತ್ತದೆ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಕಟ್ಟಿದವರು ಥರ್ಮಲ್ ಸ್ಥಾವರ ನೋಡಿದವರಲ್ಲ, ಆದರೂ ಮಾತು ಸರಿಯಾಗಿ ಕೂಡುತ್ತದೆ.

ಇನ್ನೂ ಒಂದಿದೆ. ಮಳೆ ಕಡಿಮೆಯಾಗಿ ನದಿ ಬತ್ತಿದ ಬೇಸಿಗೆಗಳಲ್ಲಿ ನಾರಾಯಣಪುರ ಜಲಾಶಯದಿಂದ ನೀರು ಬಿಡಿಸಿಕೊಳ್ಳಬೇಕಾಗುತ್ತದೆ, ಕುಡಿಯುವ ನೀರಿಗೂ ಸ್ಥಾವರಕ್ಕೂ. ಹಾಗೆ ನೀರು ಬಿಟ್ಟಾಗ ದಾರಿಯಲ್ಲಿ ರೈತರು ಎತ್ತಿಕೊಳ್ಳದಂತೆ ದಂಡೆಯ ಪಂಪ್‌ಸೆಟ್‌ಗಳ ಕರೆಂಟು ಕಡಿಯುವುದು ರೂಢಿ. ಕುಡಿಯುವ ನೀರಿಗಾಗಿ ಹೀಗೆ ಮಾಡಿದರೆ ಯಾರೂ ತಪ್ಪೆನ್ನಲಾರರು. ಆದರೆ ರೈತನ ಹೊಲದ ಪಕ್ಕದಲ್ಲೇ ನೀರು ಹರಿಯುತ್ತಿದೆ, ಅವನ ಪಂಪಿಗೆ ಕರೆಂಟಿಲ್ಲ, ಆ ನೀರು ಮುಂದೆ ಹೋಗಿ ಯಾರದೋ ಕರೆಂಟಾಗುತ್ತದೆ ಎಂಬ ಚಿತ್ರವನ್ನು ದಂಡೆಯಲ್ಲಿ ನಿಂತು ನೋಡಿದರೆ ಬೇರೆಯೇ ಅನಿಸುತ್ತದೆ.

ಇದು ಬಡತನದ ಸಮಸ್ಯೆ, ಹಣವಿದ್ದರೆ ಮುಗಿಯಿತು ಎಂದು ಹೇಳುವವರಿದ್ದಾರೆ. ಅವರು ಕುವೈತನ್ನು ನೋಡಬೇಕು. ನಮ್ಮ ಓದುಗರಲ್ಲಿ ಅನೇಕರ ಮಕ್ಕಳು, ಅಣ್ಣತಮ್ಮಂದಿರು ದುಡಿಯುವ ನಾಡು ಅದು. 1938ರಲ್ಲಿ ಬುರ್ಗಾನ್‌ನಲ್ಲಿ ತೈಲ ಸಿಕ್ಕಿತು, ಮರುಭೂಮಿಯ ಬಡ ಬಂದರು ಜಗತ್ತಿನ ಶ್ರೀಮಂತ ದೇಶಗಳ ಸಾಲಿಗೆ ಸೇರಿತು. 2016ರ ಜುಲೈ 21ರಂದು ಅಲ್ಲಿನ ಮಿತ್ರಿಬಾ ಎಂಬಲ್ಲಿ 53.9 ಡಿಗ್ರಿ ಉಷ್ಣತೆ ದಾಖಲಾದುದನ್ನು ವಿಶ್ವ ಹವಾಮಾನ ಸಂಸ್ಥೆ ಒಪ್ಪಿದೆ. ಅಂತಹ ಬಿಸಿಯಲ್ಲಿ ಎಸಿ ವಿಲಾಸವಲ್ಲ, ಜೀವ ಉಳಿಸುವ ಸಾಧನ. ಬೇಸಿಗೆಯ ಗರಿಷ್ಠ ಬೇಡಿಕೆಯಲ್ಲಿ ಸುಮಾರು ಶೇ. 70 ತಂಪು ಮಾಡುವುದಕ್ಕೇ ಹೋಗುತ್ತದೆ. ತೈಲದ ಮೇಲೆ ಕುಳಿತ ದೇಶ 2009ರಿಂದ ಬೇಸಿಗೆಯ ಕರೆಂಟಿಗಾಗಿ ಹಡಗಿನಲ್ಲಿ ಅನಿಲ ತರಿಸಿಕೊಳ್ಳುತ್ತಿದೆ. ಅಷ್ಟಾದರೂ 2024ರ ಜೂನ್‌ನಲ್ಲಿ ಬೇಡಿಕೆ ಕೈಮೀರಿ, ಊರಿನ ಭಾಗಗಳನ್ನು ಹಂಚಿಕೊಂಡು, ದಿನಕ್ಕೆ ಗಂಟೆ-ಎರಡು ಗಂಟೆ ಕರೆಂಟು ತೆಗೆಯಬೇಕಾಯಿತು.

ತೈಲವಿದ್ದೂ ಯಾಕೆ ಹೀಗಾಯಿತು? ಹೊಸ ಸ್ಥಾವರಗಳು ತಡವಾದದ್ದು ಒಂದು ಕಾರಣ. ಇನ್ನೊಂದು, ಅಲ್ಲಿನ ಪ್ರಜೆಗಳ ಸ್ವಂತ ಮನೆಗಳಿಗೆ 1966ರಿಂದಲೂ ಯೂನಿಟ್ಟಿಗೆ 2 ಫಿಲ್ಸ್ ದರ, ನಮ್ಮ ಅರ್ಧ ರೂಪಾಯಿಯ ಆಸುಪಾಸು. ತಯಾರಿಸುವ ಖರ್ಚು ಇದರ ಎಷ್ಟೋ ಪಟ್ಟು. ರಜೆಯಲ್ಲಿ ಇಡೀ ಕುಟುಂಬ ವಿದೇಶಕ್ಕೆ ಹೋದರೂ ಖಾಲಿ ಮನೆಯಲ್ಲಿ ಎಸಿ ಓಡುತ್ತಲೇ ಇರುವ ಕಥೆಗಳನ್ನು ಅಲ್ಲಿಂದ ಬಂದವರು ಹೇಳುತ್ತಾರೆ. ವಲಸಿಗರು ಬಾಡಿಗೆಗಿರುವ ಬಹುಮಹಡಿ ಕಟ್ಟಡಗಳಿಗೆ ಮಾತ್ರ 2017ರಲ್ಲಿ ದರ 5 ಫಿಲ್ಸ್ ಆಯಿತು. ಒಂದೇ ಬಿಸಿಲಿನ ಕೆಳಗೆ ಎರಡು ದರ. ನಡುಮಧ್ಯಾಹ್ನ ಬಯಲಿನಲ್ಲಿ ದುಡಿಸಬಾರದೆಂದು ಬೇಸಿಗೆಯ ಮೂರು ತಿಂಗಳು ಅಲ್ಲಿ ನಿಷೇಧವಿದೆ, ಒಳ್ಳೆಯ ನಿಯಮವದು. ಆದರೆ ಕೆಲಸ ಮುಗಿಸಿದವನು ಹಿಂತಿರುಗುವುದು ಆರೆಂಟು ಮಂದಿ ಹಂಚಿಕೊಂಡ ಕೋಣೆಗೆ, ಅಲ್ಲಿ ಕರೆಂಟು ಹೋದರೆ ಏನಾದೀತೆಂದು ನಾವು ಊಹಿಸಬೇಕಷ್ಟೆ.

ಒಂದು ವಿಷಯದಲ್ಲಿ ಮಾತ್ರ ಕುವೈತಿನಿಂದ ಕಲಿಯಬಹುದು. ಕರೆಂಟು ಯಾವ ಪ್ರದೇಶದಲ್ಲಿ ಯಾವ ಹೊತ್ತಿಗೆ ಹೋಗುತ್ತದೆಂದು ಮೊದಲೇ ಪಟ್ಟಿ ಮಾಡಿ ಜನರಿಗೆ ಹೇಳಿದರು. 2025ರಲ್ಲಿ ಮಸೀದಿಗಳನ್ನೂ ಬಿಡಲಿಲ್ಲ. ಮಧ್ಯಾಹ್ನದ ನಮಾಝ್ ಮುಗಿದ ಬಳಿಕ ಮುಂದಿನ ನಮಾಝಿನ ಹೊತ್ತು ಹತ್ತಿರವಾಗುವ ತನಕ ಕರೆಂಟು ತೆಗೆಯುವ ವ್ಯವಸ್ಥೆ ಮಾಡಿದರು, ನಮಾಝನ್ನು ಬಹಳ ಲಂಬಿಸಬೇಡಿರೆಂದು ಇಮಾಮರಿಗೆ ಸೂಚಿಸಿದರು. ದೇವಮಂದಿರವೂ ಸರದಿಗೆ ಹೊರತಲ್ಲ ಎಂಬ ಈ ನಿಲುವು ನಮಗೆ ಸರಿಯೆನಿಸುತ್ತದೆ. ನಮ್ಮಲ್ಲಿ ಇಂತಹದೊಂದು ಆದೇಶ ಬಂದಿದ್ದರೆ ಯಾವ ಧರ್ಮದವರೂ ಸುಮ್ಮನಿರುತ್ತಿರಲಿಲ್ಲ ಎಂಬುದೂ ನಿಜ.

ಈ ಪ್ರಶ್ನೆಯಲ್ಲಿ ಒಂದು ವಿಚಿತ್ರವಿದೆ. ಸಾಮಾನ್ಯವಾಗಿ ತಪ್ಪು-ಸರಿ ಎಂದರೆ ಏನು ಮಾಡಿದೆವು ಎಂದು ಕೇಳುತ್ತೇವೆ. ಇಲ್ಲಿ ಕೇಳಬೇಕಾದದ್ದು ಯಾವಾಗ ಮಾಡಿದೆವು ಎಂದು. ಮಧ್ಯಾಹ್ನ ಎರಡಕ್ಕೆ ನೀರೆತ್ತುವ ಮೋಟಾರು ಹಾಕಿದರೆ ಯಾರಿಗೂ ತೊಂದರೆಯಿಲ್ಲ, ಬಿಸಿಲಿನ ಕರೆಂಟು ಆಗ ಧಾರಾಳ. ಅದೇ ಮೋಟಾರನ್ನು ಸಂಜೆ ಏಳಕ್ಕೆ ಹಾಕಿದರೆ ಎಲ್ಲೋ ಒಂದು ಊರಿನ ದೀಪ ಆರಿಸಲು ನಮ್ಮದೂ ಒಂದು ಬೆರಳು ಸೇರಿದಂತೆ. ಯೂನಿಟ್ಟು ಅಷ್ಟೇ, ಬಿಲ್ಲೂ ಅಷ್ಟೇ. ಗೃಹಜ್ಯೋತಿ ಯೋಜನೆ 2023ರಿಂದ 200 ಯೂನಿಟ್ಟಿನ ಮಿತಿಯೊಳಗೆ ಮನೆಗಳಿಗೆ ಕರೆಂಟನ್ನು ಉಚಿತವಾಗಿ ಕೊಡುತ್ತಿದೆ. ಬಡವರ ಮನೆಯ ಫ್ಯಾನು ತಿರುಗುವುದಕ್ಕೆ ಅದರಿಂದ ಆದ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಅದು ಎಷ್ಟು ಎಂದು ಕೇಳುತ್ತದೆಯೇ ಹೊರತು ಎಷ್ಟು ಹೊತ್ತಿಗೆ ಎಂದು ಕೇಳುವುದಿಲ್ಲ.

ಹೊತ್ತಿನಿಂದ ತಪ್ಪು-ಸರಿ ಬದಲಾಗುವುದು ನಮಗೆ ಹೊಸ ಮಾತೇ? ರಮಝಾನ್‌ನ ಹಗಲು ನಿಷಿದ್ಧವಾದ ಅದೇ ಲೋಟದ ನೀರು ಸೂರ್ಯ ಮುಳುಗಿದ ಕ್ಷಣ ಪುಣ್ಯದ ನೀರಾಗುತ್ತದೆ. ಕಡುಬೇಸಿಗೆಯಲ್ಲಿ ಝುಹರ್ ನಮಾಝನ್ನು ಬಿಸಿಲ ಝಳ ಇಳಿಯುವ ತನಕ ತಡಮಾಡಬಹುದೆಂದು ಪ್ರವಾದಿ(ಸ)ಯವರು ತಿಳಿಸಿದ್ದಾರೆ. ಹಜ್ಜಿಗೆ ಹೋಗಿ ಬಂದವರಿಗೆ ಇನ್ನೊಂದು ಉದಾಹರಣೆ ಗೊತ್ತಿದೆ. 2006ರ ಜನವರಿಯಲ್ಲಿ ಮಿನಾದ ಜಮರಾತ್‌ನಲ್ಲಿ ಕಲ್ಲೆಸೆಯುವಾಗ ನೂಕುನುಗ್ಗಲಾಗಿ ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿದ್ದ ಯಾರೂ ತಪ್ಪು ಮಾಡುತ್ತಿರಲಿಲ್ಲ, ಎಲ್ಲರಿಗೂ ಅಲ್ಲಿರುವ ಹಕ್ಕಿತ್ತು. ಒಂದೇ ಹೊತ್ತಿಗೆ ಇದ್ದುದೇ ಸಾವಾಯಿತು. ಆಮೇಲೆ ಹಲವು ಅಂತಸ್ತಿನ ಸೇತುವೆ ಕಟ್ಟಿದರು, ತಂಡ ತಂಡಕ್ಕೂ ಇಂತಿಷ್ಟು ಹೊತ್ತು ಎಂದು ಗೊತ್ತುಪಡಿಸಿದರು. ಪ್ರತಿಯೊಬ್ಬನ ಹಕ್ಕೂ ಸಾಚಾ ಆಗಿದ್ದು, ಒಟ್ಟು ಸೇರಿದಾಗ ಅನಾಹುತವಾಗುವ ಜಾಗದಲ್ಲಿ ಸರದಿಯೇ ಧರ್ಮ.

ಆದರೆ ಸರದಿ ಎಂದ ಕೂಡಲೇ ನ್ಯಾಯ ಎಂದುಕೊಳ್ಳಬಾರದು. ಈ ಸೀಮೆಯ ಕಾಲುವೆಗಳನ್ನು ನೋಡಿರಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಗೆ ಬರುವ ಮಾನ್ವಿ, ಸಿರವಾರ, ರಾಯಚೂರು ಕಡೆಯ ಹೊಲಗಳಿಗೆ ನೀರು ಮುಟ್ಟಿಸುವುದೇ ಪ್ರತಿವರ್ಷದ ಜಗಳ. ಕಾಗದದಲ್ಲಿ ವಾರಬಂದಿ ಇದೆ, ಇಂತಹ ದಿನ ಇಂತಹವರಿಗೆ ಎಂದು. ಮೇಲಿನ ಹೊಲದವರು ಭತ್ತ ಹಾಕಿ ತೂಬು ತೆರೆದಿಟ್ಟರೆ ಕೊನೆಯವನ ಸರದಿ ಕಾಗದದಲ್ಲೇ ಉಳಿಯುತ್ತದೆ. ಹಳೆಯ ಕಾಲದ ಹಳ್ಳಿಯನ್ನು ಹೊಗಳುವವರು ಊರ ಬಾವಿಯನ್ನೂ ನೆನೆಸಿಕೊಳ್ಳಲಿ. ಅಲ್ಲೂ ಸರದಿಯಿತ್ತು. ದಲಿತ ಹೆಂಗಸು ಬಾವಿಯಿಂದ ದೂರದಲ್ಲಿ ಕೊಡ ಹಿಡಿದು, ಯಾರಾದರೂ ಮನಸ್ಸು ಮಾಡಿ ಎತ್ತಿ ಹೊಯ್ಯುವ ತನಕ ನಿಂತಿರಬೇಕಿತ್ತು. ಅವಳಿಗೂ ನೀರು ಸಿಗುತ್ತಿತ್ತು, ಎಲ್ಲರದೂ ಆದ ಮೇಲೆ, ಉಳಿದದ್ದು. ಗೂಗಲ್‌ನ ರೈತರ ಮಾತು ನಮ್ಮನ್ನು ತಟ್ಟಿದ್ದು ಇದಕ್ಕೇ ಇರಬೇಕು. ಸರದಿಯನ್ನು ಬರೆಯುವಾಗ ಕೊನೆಯಲ್ಲಿ ನಿಲ್ಲುವವನಿಗೆ ಮಾತಿಲ್ಲದಿದ್ದರೆ, ಆ ಸರದಿ ಹಳೆಯ ಬಾವಿಕಟ್ಟೆಯೇ.

ರಾತ್ರಿ ಕರೆಂಟಿಗೆ ಕೊಡುತ್ತಿದ್ದ ಸಮರ್ಥನೆ ಸುಳ್ಳೇನೂ ಆಗಿರಲಿಲ್ಲ. ಕಲ್ಲಿದ್ದಲಿನ ಬಾಯ್ಲರುಗಳನ್ನು ರಾತ್ರಿ ಆರಿಸಿ ಬೆಳಗ್ಗೆ ಹಚ್ಚಲಾಗದು. ಊರು ಮಲಗಿದ ಮೇಲೆ ಕರೆಂಟು ಮಿಗುತ್ತದೆ. ಮಿಕ್ಕದ್ದನ್ನು ಪಂಪಿಗೆ ಕೊಟ್ಟರೆ ಎಲ್ಲರಿಗೂ ಲಾಭ. ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ಪಂಪ್‌ಸೆಟ್‌ಗಳಿವೆ, ಒಟ್ಟು ಬಳಕೆಯ ಮೂರನೇ ಒಂದರಷ್ಟು ಅವುಗಳದ್ದು. ಇಷ್ಟು ದೊಡ್ಡ ಹೊರೆಯನ್ನು ಎಲ್ಲಿ ಸರಿಸುವುದೆಂದರೆ ರಾತ್ರಿಗೆ. ಇದು ಪ್ರಕೃತಿನಿಯಮವೆಂಬಂತೆ ಮೂವತ್ತು ವರ್ಷ ಎಲ್ಲರೂ ಒಪ್ಪಿಕೊಂಡಿದ್ದರು. ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ಬಂತು, ಬೇರೆ ಕಡೆಗಳಲ್ಲೂ ಬಂತು, ಕರೆಂಟು ಮಿಗುವ ಹೊತ್ತು ಮಧ್ಯಾಹ್ನಕ್ಕೆ ಜರುಗಿತು. ಈಗ ನೀರಾವರಿ ಫೀಡರುಗಳಿಗೆ ಹಗಲೇ ಕರೆಂಟು ಕೊಡುವುದು ಸರಕಾರಕ್ಕೂ ಅಗ್ಗ. ಕುಸುಮ್ ಯೋಜನೆಯಲ್ಲಿ ಸಬ್‌ಸ್ಟೇಷನ್ನುಗಳ ಪಕ್ಕದಲ್ಲೇ ಸೌರ ಫಲಕ ಹಾಕಿ ಪಂಪುಗಳಿಗೆ ಹಗಲಲ್ಲೇ ಕೊಡುವ ಕೆಲಸ ನಡೆಯುತ್ತಿದೆ. ಸಂತೋಷವೇ. ಆದರೆ ರೈತನ ನಿದ್ದೆಯ ಬೆಲೆ ನೋಡಿ ಯಾರೂ ಇದನ್ನು ಮಾಡಲಿಲ್ಲ. ಮಿಕ್ಕದ್ದು ಹಗಲಿಗೆ ಬಂತು, ಕೊಟ್ಟರು. ನಾಳೆ ಬ್ಯಾಟರಿಗಳು ಅಗ್ಗವಾಗಿ ಮಧ್ಯಾಹ್ನದ ಬಿಸಿಲನ್ನು ಸಂಜೆಯ ಪೇಟೆಗೆ ಮಾರುವಂತಾದರೆ? ಹಾವು, ಮೊಸಳೆಗಳ ನಡುವೆ ರಾತ್ರಿ ಎದ್ದು ಹೋಗುವ ಪಾಳಿ ಮತ್ತೆ ಬಾರದೆಂದು ಎಲ್ಲೂ ಬರೆದಿಟ್ಟಿಲ್ಲ.

2023ರಲ್ಲಿ ಇದರ ಒಂದು ರುಚಿ ಸಿಕ್ಕಿತು. ಮುಂಗಾರು ಕೈಕೊಟ್ಟು, ಜಲಾಶಯಗಳು ತುಂಬದೆ, ಅಕ್ಟೋಬರಿನಲ್ಲೇ ಬೇಸಿಗೆಯಂತಹ ಬೇಡಿಕೆ ಬಂತು. ಖಾಸಗಿ ಉತ್ಪಾದಕರು ಕರೆಂಟನ್ನು ರಾಜ್ಯಕ್ಕೇ ಕೊಡಬೇಕೆಂದು ಸರಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಚಲಾಯಿಸಿತು. ಆದರೂ ರೈತರ ಏಳು ಗಂಟೆ ಐದಕ್ಕೆ ಇಳಿಯಿತು. ರಸ್ತೆ ತಡೆ, ಧರಣಿಗಳಾದ ಮೇಲೆ ಭತ್ತ ಬೆಳೆಯುವ ರಾಯಚೂರು, ಬಳ್ಳಾರಿ, ಕೊಪ್ಪಳ ಕಡೆಗೆ ಏಳು ಗಂಟೆ ಎಂದರು. ಆ ವರ್ಷ ಬೆಂಗಳೂರಿನ ಮಾಲುಗಳಿಗೆ ಗಂಟೆ ಹೊತ್ತು ಎಸಿ ನಿಲ್ಲಿಸಿರೆಂದು ಹೇಳಿದ್ದು ನಮಗೆ ನೆನಪಿಲ್ಲ.

ಬಿಟ್ಟುಕೊಡುವುದನ್ನು ದರದ ಮೂಲಕ ತೀರ್ಮಾನಿಸೋಣ ಎನ್ನುವವರಿದ್ದಾರೆ. ಕೇಂದ್ರ ಸರಕಾರ 2023ರಲ್ಲಿ ನಿಯಮ ತಿದ್ದಿ, ಬಿಸಿಲಿನ ಹೊತ್ತಿಗೆ ದರ ಇಳಿಸಿ, ಪೀಕ್ ಹೊತ್ತಿಗೆ ಏರಿಸಬೇಕೆಂದಿತು. ಕೃಷಿಯನ್ನು ಇದರಿಂದ ಹೊರಗಿಟ್ಟಿತು. ಕಾರ್ಖಾನೆ, ದೊಡ್ಡ ಅಂಗಡಿಗಳ ಮಟ್ಟಿಗೆ ಇದು ಸರಿಯಾದ ದಾರಿ. ಅವರಿಗೆ ಲೆಕ್ಕ ಗೊತ್ತು, ಕೆಲಸವನ್ನು ಅತ್ತಿತ್ತ ಸರಿಸಬಲ್ಲರು. ಆದರೆ ಮನೆಗಳಿಗೆ ಬಂದರೆ? ಒಂದೂವರೆ ಟನ್ನಿನ ಒಂದು ಎಸಿ ಎಳೆಯುವ ಕರೆಂಟಿನಲ್ಲಿ ಇಪ್ಪತ್ತು ಸೀಲಿಂಗ್ ಫ್ಯಾನುಗಳು ತಿರುಗುತ್ತವೆ. ಎಸಿ ಇರುವವರು ಹೆಚ್ಚಿನ ದರವನ್ನು ಗೊಣಗಿ ಕೊಡುತ್ತಾರೆ. ಫ್ಯಾನು ಆರಿಸಿ ಉಳಿಸಲು ನೋಡುವುದು ತಗಡಿನ ಮನೆಯವರು. ಹಿಂದೆ ಈ ಸೀಮೆಯ ಬಡವರ ಮನೆಗೂ ದಪ್ಪ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ ಇತ್ತು. ಒಳಗೆ ತಂಪಿರುತ್ತಿತ್ತು, ಬೇಸಿಗೆಯ ರಾತ್ರಿ ಎಲ್ಲರೂ ಮಾಳಿಗೆಯ ಮೇಲೆ ಮಲಗುತ್ತಿದ್ದರು. ಈಗ ತಗಡು ಇಲ್ಲವೇ ತೆಳು ಸ್ಲ್ಯಾಬು. ರಾತ್ರಿ ಹತ್ತಾದರೂ ಒಲೆಯ ಹಾಗೆ ಕಾದಿರುತ್ತದೆ. ಬಿಸಿಲು ನಲುವತ್ತು ದಾಟುವ ಊರಿನಲ್ಲಿ ಪ್ರತಿ ಮನೆಗೆ ಎರಡು ಫ್ಯಾನು, ಎರಡು ದೀಪದಷ್ಟು ಕರೆಂಟು ಯಾವ ದರಕ್ಕೂ, ಯಾವ ಕಡಿತಕ್ಕೂ ಸಿಗಬಾರದು, ಅದರ ಮೇಲಿನದ್ದಕ್ಕೆ ಹೊತ್ತಿನ ದರ ಬರಲಿ ಎಂಬುದು ನಮ್ಮ ಅಭಿಪ್ರಾಯ.

ನೀರು, ಮೇವು, ಬೆಂಕಿ ಈ ಮೂರರಲ್ಲಿ ಎಲ್ಲರೂ ಪಾಲುದಾರರೆಂಬ ಆಶಯದ ಪ್ರವಾದಿವಚನ ಅಬೂದಾವೂದ್ ಸಂಗ್ರಹದಲ್ಲಿದೆ. ಅಂದಿನ ಮರುಭೂಮಿಯಲ್ಲಿ ಬೆಂಕಿ ಎಂದರೆ ಒಬ್ಬನ ಗುಡಾರದ ಒಲೆಯಿಂದ ಇನ್ನೊಬ್ಬ ಒಯ್ಯುವ ಕೆಂಡ. ಕೆಂಡ ಕೊಟ್ಟರೆ ನಮ್ಮ ಒಲೆಯದು ಕಡಿಮೆಯಾಗುವುದಿಲ್ಲ, ಆದ್ದರಿಂದ ಕೊಡುವುದು ಸುಲಭ. ಇಂದಿನ ಬೆಂಕಿ ಬೇರೆ. ಸಂಜೆ ಏಳಕ್ಕೆ ಒಬ್ಬನಿಗೆ ಕೊಟ್ಟದ್ದು ಇನ್ನೊಬ್ಬನಿಗೆ ಇಲ್ಲ. ಹಾಗಿರುವಾಗ ಪಾಲುದಾರಿಕೆ ಎಂಬ ಮಾತು ಹಗುರವಾಗುತ್ತದೆಯೋ ಭಾರವಾಗುತ್ತದೆಯೋ? ಭಾರವಾಗುತ್ತದೆ ಎಂದೇ ನಮಗೆ ತೋರುತ್ತದೆ.

ಇಷ್ಟೆಲ್ಲ ಹೇಳಿ, ಪೇಟೆಯವರನ್ನು ಬೈದು ಮುಗಿಸುವುದು ಸುಲಭ. ಆದರೆ ಪೇಟೆಯ ಕಾರ್ಖಾನೆ, ಅಂಗಡಿಗಳು ಕೊಡುವ ಹೆಚ್ಚಿನ ದರ ಮತ್ತು ತೆರಿಗೆಯಿಂದಲೇ ರೈತನ ಪಂಪಿನ ಉಚಿತ ಕರೆಂಟಿನ ಲೆಕ್ಕ ತುಂಬುತ್ತದೆ. ದೇವದುರ್ಗದಿಂದ, ಮಾನ್ವಿಯಿಂದ ಬೇಸಿಗೆಗೆ ಗುಳೆ ಹೋದವರು ಬೆಂಗಳೂರಿನಲ್ಲೇ, ಕಟ್ಟುತ್ತಿರುವ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಇದ್ದಾರೆ. ಅಲ್ಲಿ ಕೆಲಸ ನಿಂತರೆ ಇಲ್ಲಿ ಒಲೆ ನಿಲ್ಲುತ್ತದೆ. ಊರಿನ ಹೆಸರಿನದೇ ಆದ ಆ ಕಂಪೆನಿ 2023ರಲ್ಲಿ ಜಗತ್ತಿನಾದ್ಯಂತ 2,500 ಕೋಟಿ ಯೂನಿಟ್ಟಿನಷ್ಟು ಕರೆಂಟು ಬಳಸಿತು. ನಮ್ಮ ಮಕ್ಕಳ ಪಾಠ, ಗುಳೆ ಹೋದವರು ಮನೆಗೆ ತೋರಿಸುವ ಮುಖ, ಎಲ್ಲವೂ ಅದರೊಳಗೇ ಬಂತು. ಹಾಗಾಗಿ ಈ ಕಡೆ ಒಳ್ಳೆಯವರು, ಆ ಕಡೆ ಕೆಟ್ಟವರು ಎಂದು ಗೆರೆ ಎಳೆಯಲು ನಾವು ಹೋಗುವುದಿಲ್ಲ. ಪೇಟೆಯೂ ಪಟ್ಟಿಯಲ್ಲಿ ಇರಲಿ, ಪಟ್ಟಿ ಮೊದಲೇ ಎಲ್ಲರಿಗೂ ಗೊತ್ತಿರಲಿ ಎನ್ನುತ್ತೇವೆ, ಅಷ್ಟೆ. ಕರೆಂಟು ಹೋಗುವುದಕ್ಕಿಂತ ಹೆಚ್ಚು ನೋಯಿಸುವುದು ಯಾವಾಗ ಹೋಗುತ್ತದೆಂದು ಹೇಳದಿರುವುದು. ಗಿರಣಿಯವನು ಹಿಟ್ಟಿನ ಡಬ್ಬಿಗಳ ನಡುವೆ, ಪಿಯುಸಿ ಹುಡುಗಿ ಪುಸ್ತಕದ ಮುಂದೆ ಸುಮ್ಮನೆ ಕುಳಿತು ಕಾಯುವಾಗ, ನಿಮ್ಮ ಹೊತ್ತಿಗೆ ಬೆಲೆಯಿಲ್ಲ ಎಂದು ಯಾರೋ ಹೇಳಿದಂತಾಗುತ್ತದೆ.

ನಮ್ಮದೇ ಕಥೆಯನ್ನೂ ಹೇಳಬೇಕು. ಹಲವು ವರ್ಷಗಳ ಹಿಂದೆ ನಮ್ಮ ಬಂಧುಗಳ ಮನೆಯ ಮದುವೆ, ಏಪ್ರಿಲ್ ತಿಂಗಳು. ಗಲ್ಲಿಯ ಈ ತುದಿಯಿಂದ ಆ ತುದಿಗೆ ಸೀರಿಯಲ್ ಲೈಟು, ಮನೆಗೆ ಬಾಡಿಗೆ ಕೂಲರುಗಳು, ಹೆಣ್ಣಿನ ಕಡೆಯವರಿಗೆಂದು ಎರಡು ಕೋಣೆಗೆ ಎಸಿ. ರಾತ್ರಿ ಎಂಟಕ್ಕೆ ಬೀದಿಯ ಟಿ.ಸಿ. ಸುಟ್ಟಿತು. ನಮಗೆ ಜನರೇಟರು ಬಂತು. ಗಲ್ಲಿಗೆ ಎರಡು ರಾತ್ರಿ ಕರೆಂಟಿಲ್ಲ. ಎದುರುಮನೆಯಲ್ಲಿ ಹಾಸಿಗೆ ಹಿಡಿದ ಮುದುಕರಿದ್ದರು, ಅವರ ಸೊಸೆ ಬೀಸಣಿಗೆ ಹಿಡಿದು ಕುಳಿತದ್ದು ನಮ್ಮ ಜನರೇಟರಿನ ಬೆಳಕಿನಲ್ಲೇ ಕಾಣುತ್ತಿತ್ತು. ಕ್ಷಮೆ ಕೇಳಲು ಹೋದರೆ ಆಕೆ, "ಮದುವಿ ಮನಿ ಅಲ್ಲೇನ್ರೀ ಅಣ್ಣಾರ, ಇರ್ಲಿ ಬಿಡ್ರಿ" ಎಂದರು. ದುಂದು ಮಾಡಬಾರದೆಂದು ಭಾಷಣ ಮಾಡುವವರು ನಾವು. ಆ ರಾತ್ರಿಯ ಮಟ್ಟಿಗೆ ನಾವು ಮೇಲಿನ ಹೊಲದವರು, ಅವರು ಕಾಲುವೆಯ ಕೊನೆಯವರು. ಅವರ ತಾಳ್ಮೆಯನ್ನು ಸಬ್ರ್ ಎಂದು ಹೊಗಳುವ ಧೈರ್ಯ ನಮಗೆ ಇಂದಿಗೂ ಬಂದಿಲ್ಲ.

ಹೋದ ವರ್ಷಗಳಲ್ಲಿ ರಮಝಾನ್ ಮಾರ್ಚ್‌ಗೆ ಬಂದಿತ್ತು. 2024ರಲ್ಲಿ, 2025ರಲ್ಲಿ ಇಫ್ತಾರ್, ಇಶಾ, ತರಾವೀಹ್ ಎಲ್ಲವೂ ಸರಿಯಾಗಿ ಪೀಕ್ ಹೊತ್ತಿಗೇ ಬಿದ್ದವು, ಮಕ್ಕಳ ಪರೀಕ್ಷೆಗಳೂ ಅದೇ ತಿಂಗಳು. ಮಾನ್ವಿ ತಾಲೂಕಿನ ಒಂದು ಊರಿನ ಮಸೀದಿಯಲ್ಲಿ ಇದರ ಬಗ್ಗೆ ಮಾತು ನಡೆದಾಗ ನಾವಿದ್ದೆವು. ಮಸೀದಿಗೆ ಎರಡು ಎಸಿಗಳಿದ್ದವು. ಅವು ಓಡತೊಡಗಿದರೆ ಆ ಬೀದಿಯ ಮನೆಗಳಲ್ಲಿ ವೋಲ್ಟೇಜ್ ಇಳಿದು ಟ್ಯೂಬ್‌ಲೈಟು ಮಿನುಗುತ್ತದೆ, ಫ್ಯಾನು ತೆವಳುತ್ತದೆ ಎಂದು ವೈರಿಂಗ್ ಕೆಲಸ ಮಾಡುವ ಹುಡುಗನೊಬ್ಬ ಹೇಳಿದ. ತರಾವೀಹ್ ಮುಗಿಯುವ ತನಕ ಆರಿಸೋಣ, ಕಿಟಕಿ ತೆರೆಯೋಣ ಎಂದರು ಕೆಲವರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದರು. ದಖನಿಯಲ್ಲಿ ಅವರು ಹೇಳಿದ್ದರ ತಿರುಳಿಷ್ಟು: ಈ ಎಸಿಗಳನ್ನು ಕೊಡಿಸಿದ್ದು ಕೊಲ್ಲಿಯಲ್ಲಿರುವ ನನ್ನ ಮಗ. ಅಲ್ಲಿ ಬಿಸಿಲಲ್ಲಿ ಪೈಪು ಹೊತ್ತು ಉಳಿಸಿದ ಹಣ ಅದು. ಅಬ್ಬಾ ತಂಪಾಗಿ ನಿಂತು ನಮಾಝ್ ಮಾಡಲಿ ಎಂದು ಕಳಿಸಿದ. ಅದನ್ನು ಆರಿಸಿರೆಂದು ನಾನು ಹೇಗೆ ಹೇಳಲಿ?

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹೇಳುವುದಕ್ಕೆ ಏನೂ ಇರಲಿಲ್ಲ. ಕೊನೆಗೆ ಒಂದನ್ನು ಹತ್ತು ಗಂಟೆಯ ತನಕ ಮುಟ್ಟುವುದು ಬೇಡ, ಇನ್ನೊಂದು ವಯಸ್ಸಾದವರು ನಿಲ್ಲುವ ಕಡೆ ಇರಲಿ ಎಂದು ತೀರ್ಮಾನವಾಯಿತು. ಮರುದಿನ ಆ ಹಿರಿಯರು ಎಸಿಯ ಕಡೆ ಬರಲಿಲ್ಲ, ತೆರೆದ ಕಿಟಕಿಯ ಪಕ್ಕದ ಸಾಲಿನಲ್ಲಿ ಬಂದು ನಿಂತರು. ಒಪ್ಪಿ ನಿಂತರೋ, ನೊಂದು ನಿಂತರೋ, ನಾವು ಕೇಳಲಿಲ್ಲ.